ಕೊಳದ ಬೀದಿಯಲ್ಲಿ ಇನ್ನೂ ಫೆಬ್ರವರಿ

ವಾಷಿಂಗ್ ಮೆಷೀನ್ ಕೆಟ್ಟು ನಿಂತ ದಿನ ನಮ್ಮ ಗಾಣದ ಬೀದಿಯಲ್ಲಿ ಮಾರ್ಚ್ ಇಪ್ಪತ್ತೇಳು. ಸ್ಟೇಷನ್ ರಸ್ತೆಯಲ್ಲಿ ಆಗಲೇ ಮೂವತ್ತು. ಕೊಳದ ಬೀದಿಯಲ್ಲಿ ಇನ್ನೂ ಫೆಬ್ರವರಿ ಹದಿನೈದು. ನಮ್ಮೂರಿನಲ್ಲಿ ತಾರೀಖು ಬೀದಿಗೊಂದು. ಇಲ್ಲೇ ಹುಟ್ಟಿ ಬೆಳೆದವರಿಗೆ ಅದೊಂದು ವಿಷಯವೇ ಅಲ್ಲ. ಮುಹೂರ್ತ ತಪ್ಪಿಹೋದವರು ತಾರೀಖಿನಲ್ಲಿ ಹಿಂದಿರುವ ಬೀದಿಯಲ್ಲಿ ಚಪ್ಪರ ಹಾಕಿಸುತ್ತಾರೆ. ಅರ್ಜಿ ತುಂಬಲು ಮರೆತವರು ಕೊಳದ ಬೀದಿಯ ಅಂಚೆಡಬ್ಬಿಗೆ ಓಡುತ್ತಾರೆ. ಅಂಗಡಿಯವರು ಅವಧಿ ಮುಗಿದ ಹಾಲಿನ ಪ್ಯಾಕೆಟ್ಟುಗಳನ್ನು ಸದ್ದಿಲ್ಲದೆ ಹಿಂದಿನ ಬೀದಿಗೆ ಸಾಗಿಸುತ್ತಾರೆ. ಹಾಲು ಮಾತ್ರ ಯಾವ ಬೀದಿಯಲ್ಲಿಟ್ಟರೂ ಒಡೆಯುತ್ತದೆ.

ನಾನು ಮದುವೆಯಾಗಿ ಈ ಊರಿಗೆ ಬಂದವಳು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೆ. ಬಂದ ಹೊಸದರಲ್ಲಿ ಯಾವ ಬೀದಿ ಎಷ್ಟು ದಿನ ಮುಂದೆ, ಎಷ್ಟು ಹಿಂದೆ ಎಂದು ಒಂದು ಕೋಷ್ಟಕ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೆ. ನನ್ನ ಗಂಡ ಜಯದೇವ ನೋಡಿ ನಕ್ಕ. "ಇದಕ್ಕೆ ಲೆಕ್ಕ ಯಾಕೆ ವಾರಿಜಾ? ಒಂದು ಜೊತೆ ಚಪ್ಪಲಿ ಇದ್ರೆ ಸಾಕು" ಎಂದ.

ಅವನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ. ಅಂಕಪಟ್ಟಿ, ಹಾಜರಿ, ಪ್ರಶ್ನೆಪತ್ರಿಕೆ, ಯಾವುದನ್ನೂ ಹೊತ್ತಿಗೆ ಸರಿಯಾಗಿ ಕಳಿಸಿದವನಲ್ಲ. ಎಲ್ಲವನ್ನೂ ಕೊಳದ ಬೀದಿಗೆ ಹೋಗಿ ಅಂಚೆಗೆ ಹಾಕಿ ಬರುತ್ತಿದ್ದ. ಅದು ನಮಗಿಂತ ನಲವತ್ತು ದಿನ ಹಿಂದೆ. ಅಲ್ಲಿನವರು ಅವನನ್ನು ತಡದ ಮೇಷ್ಟ್ರು ಎನ್ನುತ್ತಾರೆಂದು ಅವನೇ ಹೇಳಿಕೊಂಡು ನಗುತ್ತಿದ್ದ. ಫೆಬ್ರವರಿ ಇಪ್ಪತ್ತೈದರಂದು ಉತ್ತರಪತ್ರಿಕೆ ತಿದ್ದುತ್ತಾ ಕುಳಿತವನು ಎದೆ ಹಿಡಿದುಕೊಂಡಂತಾಗುತ್ತಿದೆ ಎಂದ. ಬೆವರಿದ ಅಂಗಿ ಬಿಚ್ಚಿ ಬಾಗಿಲ ಹಿಂದಿನ ಗೂಟಕ್ಕೆ ಹಾಕಿ, ಬೇರೆ ಅಂಗಿ ತೊಟ್ಟು ಆಟೋ ಹತ್ತಿದ. ಸಂಜೆಗೆ ಮುಗಿಯಿತು. ಅವನಿಗೆ ಮೂವತ್ತನಾಲ್ಕು ವರ್ಷ.

ಸುದ್ದಿಯನ್ನು ನಾನು ಯಾರಿಗೂ ಹೇಳಬೇಕಾಗಿ ಬರಲಿಲ್ಲ. ನಾನು ಮನೆಗೆ ಬರುವ ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿತ್ತು. ಹದಿಮೂರು ದಿನ ಜನ ಬಂದರು, ಹದಿನಾಲ್ಕನೆಯ ದಿನ ಬರುವುದು ನಿಲ್ಲಿಸಿದರು. ಶಾಲೆಯವರು ಬಂದು ಅರ್ಧ ತಿದ್ದಿದ ಪತ್ರಿಕೆಗಳನ್ನು ಒಯ್ದರು. ನಾನು ಅಳಲಿಲ್ಲ ಎಂದು ಎದುರು ಮನೆಯವರು ಮಾತಾಡಿಕೊಂಡರಂತೆ. ಅದು ನಿಜ.

ಗೂಟದ ಮೇಲಿನ ಅಂಗಿಯನ್ನು ನಾನು ಮೂವತ್ತು ದಿನ ಮುಟ್ಟಿರಲಿಲ್ಲ. ನೀಲಿ ಗೀರಿನ ಅಂಗಿ. ಮೂವತ್ತನೆಯ ದಿನ ನಾನು ಸ್ನಾನಕ್ಕೆ ಹೋದಾಗ ಅತ್ತೆ ಮನೆಯ ಬಟ್ಟೆಯನ್ನೆಲ್ಲ ಬಾಚಿ ಮೆಷೀನಿಗೆ ಹಾಕಿದರು. ಹಾಸಿಗೆ ಹೊದಿಕೆ, ಟವೆಲ್ಲು, ಅವರ ಎರಡು ಬಿಳಿ ಸೀರೆ. ಅವುಗಳ ಜೊತೆಗೆ ಅದೂ ಹೋಯಿತು. ನಾನು ಹೊರಗೆ ಬಂದಾಗ ಮೆಷೀನ್ ಗುಂಯ್ ಎಂದು ನರಳುತ್ತಿತ್ತು. ಗುಂಡು ಗಾಜಿನ ಆಚೆ ನೀಲಿ ಗೀರಿನ ತೋಳೊಂದು ಬಂದು ಅಂಟಿಕೊಂಡು, ಮತ್ತೆ ಒಳಕ್ಕೆ ಹೋಯಿತು. ಆಮೇಲೆ ಎಲ್ಲವೂ ನಿಂತಿತು.

"ಗೂಟದ ಮೇಲಿದ್ದುದನ್ನೂ ಹಾಕ್ಬಿಟ್ಟೆ ಕಣೇ" ಎಂದರು ಅತ್ತೆ. ಹೇಳಿದ ಮೇಲೆ ಅವರಿಗೇ ಹೊಳೆಯಿತು. ಗೋಡೆಗೆ ಒರಗಿ ಕುಳಿತುಬಿಟ್ಟರು.

ಮುಂದೆ ಬಾಗಿಲಿರುವ ಮೆಷೀನ್ ಅದು. ಒಳಗೆ ನೀರಿದ್ದರೆ ಬಾಗಿಲು ತೆರೆಯುವುದಿಲ್ಲ. ಪಂಪು ಕೆಟ್ಟರೆ ನೀರು ಹೋಗುವುದಿಲ್ಲ. ಬುಡದಲ್ಲಿ ಒಂದು ಚಿಕ್ಕ ಮುಚ್ಚಳವಿದೆ. ಅದನ್ನು ತಿರುಗಿಸಿದರೆ ನೀರು ಹೊರಗೆ ಬಂದು ಬಾಗಿಲು ತೆರೆಯುತ್ತದೆ. ಆದರೆ ಮುಚ್ಚಳಕ್ಕೆ ಕಂಪನಿಯವರು ಬೆಳ್ಳಿ ಬಣ್ಣದ ಸೀಲು ಅಂಟಿಸಿದ್ದರು. ಇದನ್ನು ಹರಿದವರ ದೂರನ್ನು ಸ್ವೀಕರಿಸುವುದಿಲ್ಲ ಎಂದು ಅದರ ಮೇಲೆ ಅಚ್ಚಾಗಿತ್ತು. ಹರಿಯುವುದಕ್ಕೆ ಒಂದು ಉಗುರು ಸಾಕು.

"ಹರಿದು ಹಾಕೇ ಅದನ್ನ" ಎಂದರು ಅತ್ತೆ.

"ಬೇಡ" ಎಂದೆ.

ಆ ಮೆಷೀನನ್ನು ಜಯದೇವ ಆರಿಸಿ ತಂದಿದ್ದ. ಎರಡು ಸಂಜೆ ಕೂತು ಎಲ್ಲ ಕಂಪನಿಗಳ ವಾರಂಟಿ ಕಾರ್ಡುಗಳನ್ನೂ ಪಾಠದಂತೆ ಓದಿದ್ದ. "ಎರಡು ವರ್ಷ ಇದು ಅವರ ತಲೆನೋವು, ನಮ್ಮದಲ್ಲ" ಎಂದಿದ್ದ. ಬಿಲ್ಲು, ಕಾರ್ಡು ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ ಬೀರುವಿನ ಮೇಲಿನ ಅರೆಯಲ್ಲಿ ಇಟ್ಟಿದ್ದ. ಜೀವನದಲ್ಲಿ ಅವನು ಅಚ್ಚುಕಟ್ಟಾಗಿ ಇಟ್ಟ ಕಾಗದಗಳು ಅವೆರಡೇ. ಜನವರಿಯಲ್ಲಿ ಪಂಪು ನರಳಲು ಶುರುವಾದಾಗ ಮೂರು ಸಲ ಫೋನ್ ಮಾಡಿ ದೂರು ಕೊಟ್ಟಿದ್ದ. ಮೂರು ದೂರಿನ ನಂಬರುಗಳೂ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿದ್ದವು. ಮೂರು ಸಲವೂ ಯಾರೂ ಬರಲಿಲ್ಲ. ಈಗ ನಾನೇ ಸೀಲು ಹರಿದರೆ ಅವರ ಕೆಲಸ ಹಗುರವಾಗುತ್ತಿತ್ತು. ಅಲ್ಲದೆ ನನಗೆ ಜಗಳವಾಡಲು ಯಾರಾದರೂ ಬೇಕಿತ್ತು. ಆಸ್ಪತ್ರೆಯವರು ಕೈಲಾದುದನ್ನೆಲ್ಲ ಮಾಡಿದ್ದರು. ಅವರ ಮೇಲೆ ಜಗಳಕ್ಕೆ ಹೋಗಲು ಏನೂ ಉಳಿದಿರಲಿಲ್ಲ.

ಸ್ಟೇಷನ್ ರಸ್ತೆಯ ಅಂಗಡಿಗೆ ಫೋನ್ ಮಾಡಿದೆ. ಒಬ್ಬ ಹೆಂಗಸು ಎತ್ತಿಕೊಂಡಳು.

"ನಿಮ್ಮ ವಾರಂಟಿ ಮಾರ್ಚ್ ಹತ್ತಕ್ಕೆ ಮುಗಿದಿದೆ ಮೇಡಂ."

"ಜನವರಿಯಲ್ಲೇ ದೂರು ಕೊಟ್ಟಿದ್ದೀವಿ. ಮೂರು ಸಲ. ನಂಬರ್ ಹೇಳ್ತೀನಿ, ಬರ್ಕೊಳ್ಳಿ."

ಹೇಳಿದೆ. ಕೀಲಿ ಒತ್ತುವ ಸದ್ದು ಕೇಳಿಸಿತು.

"ಆ ಮೂರೂ ಮುಗಿದಿವೆ ಮೇಡಂ. ಗ್ರಾಹಕರು ತೃಪ್ತರು ಅಂತ ಬರ್ತಾ ಇದೆ."

"ಯಾರು ಹೇಳಿದ್ರು ತೃಪ್ತರು ಅಂತ?"

"ಸಿಸ್ಟಮ್‌ನಲ್ಲಿ ಇದೆ ಮೇಡಂ. ಗ್ರಾಹಕರು ಜಯದೇವ ಅವರಲ್ವಾ? ಅವರಿಗೇ ಫೋನ್ ಕೊಡಿ, ಕೇಳ್ತೀನಿ."

ಆ ಒಂದು ಮಾತನ್ನು ನಾನು ಇನ್ನೂ ಯಾರಿಗೂ ಹೇಳಿರಲಿಲ್ಲ. ಫೋನ್ ಇಟ್ಟೆ.

ನಮ್ಮೂರಿನಲ್ಲಿ ಒಂದು ಹಳೆಯ ಕಟ್ಟಳೆ ಇದೆ. ಯಾವ ಬೀದಿಯಲ್ಲಿ ಮಾರಿದರೂ ಸರಿ, ವ್ಯಾಪಾರದವರು ಕೊಳದ ಬೀದಿಯಲ್ಲಿ ಒಂದು ಮೇಜು ಹಾಕಿ ದೂರು ಕೇಳಬೇಕು. ಮತ್ತು ಕೆಟ್ಟ ಸಾಮಾನು ಎಲ್ಲಿ ನಿಂತಿದೆಯೋ ಅಲ್ಲಿನ ತಾರೀಖೇ ಅದರ ತಾರೀಖು. ಹಾಗಾಗಿ ಮೂರು ದಿನ ಬಿಟ್ಟು ತಳ್ಳುಗಾಡಿಯವನನ್ನು ಕರೆಸಿ, ಮೆಷೀನನ್ನು ಒಳಗಿನ ನೀರಿನ ಸಮೇತ ಗಾಡಿಗೆ ಏರಿಸಿದೆ. ಅತ್ತೆ ಹಳೆಯ ಸೀರೆಯಿಂದ ಬಿಗಿಯಾಗಿ ಕಟ್ಟಿಕೊಟ್ಟರು. ಹಳ್ಳ ಬಂದಾಗಲೆಲ್ಲ ನೀರು ತುಳುಕಿ ಬಟ್ಟೆಗಳು ಗಾಜಿಗೆ ಬಂದು ಬಡಿಯುತ್ತಿದ್ದವು. "ಏನಮ್ಮಾ, ಮೀನು ಸಾಕಿದ್ದೀರಾ?" ಎಂದು ಸೈಕಲ್ ಶಾಪಿನವನು ಕೂಗಿದ. ಗಾಡಿಯವನು ನಕ್ಕ. ನಾನು ಗಾಜಿನ ಕಡೆ ಬಂದು, ಅದಕ್ಕೆ ಅಡ್ಡವಾಗಿ ನಡೆದೆ.

ಕೊಳದ ಬೀದಿ ಮೂರು ಮಾರು ಅಗಲ. ಎರಡೂ ಕಡೆ ಜಗಲಿ. ಜಗಲಿಗಳ ಮೇಲೆಲ್ಲ ಊರಿನ ಕೆಟ್ಟ ಸಾಮಾನು: ಮಿಕ್ಸಿ, ಫ್ಯಾನು, ಟಿವಿ, ಇಸ್ತ್ರಿಪೆಟ್ಟಿಗೆ, ಒಂದು ಫ್ರಿಜ್ಜು. ಅದರ ಬಾಗಿಲು ತೆಗೆದು ಯಾರೋ ಈರುಳ್ಳಿ ತುಂಬಿಟ್ಟಿದ್ದರು. ಬೀದಿಯ ಬಾಯಲ್ಲೇ ಹೂವು ಕಟ್ಟುತ್ತಾ ಕೂತಿದ್ದವಳು ಚಿಕ್ಕತಾಯಮ್ಮ. ಅರವತ್ತು ದಾಟಿದ ಹೆಂಗಸು.

"ಬಾರವ್ವ, ಇಲ್ಲೇ ಇರಿಸು. ಮಿಕ್ಸಿ ಒಂದಿತ್ತು, ಮೊನ್ನೆ ಎತ್ಕೊಂಡು ಹೋದ್ರು. ಜಾಗ ಐತೆ" ಎಂದಳು. ಕತ್ತೆತ್ತಿ ನನ್ನ ಮುಖ ನೋಡಿದಳು. ಕೈಯಲ್ಲಿದ್ದ ನಾರು ಒಂದು ಕ್ಷಣ ನಿಂತಿತು. "ನೀನು ತಡದ ಮೇಷ್ಟ್ರ ಮನೆಯೋರಲ್ವಾ? ಮೇಷ್ಟ್ರು ಬರ್ಲಿಲ್ವಾ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಒಂದು ಮೊಳ ಕಾಕಡ ಕತ್ತರಿಸಿ ನನ್ನ ಕೈಗಿಟ್ಟಳು. "ಮುಡ್ಕೊ ಮಗಾ. ಮುತ್ತೈದೆ ಬರಿಗೈಲಿ ಹೋಗ್ಬಾರ್ದು."

ಆ ಬೀದಿಯ ಪದ್ಧತಿ ನನಗೆ ಗೊತ್ತಿತ್ತು. ಇನ್ನೂ ಬಾರದ ದಿನದ ಮಾತನ್ನು ಅಲ್ಲಿ ಯಾರೂ ಆಡುವುದಿಲ್ಲ. ಬೇರೆ ಬೀದಿಯ ಪತ್ರಿಕೆ ಬಂದರೆ ಮಡಿಸಿ ಪೆಟ್ಟಿಗೆಯಲ್ಲಿಟ್ಟು ನಲವತ್ತು ದಿನ ಬಿಟ್ಟು ಬಿಚ್ಚುತ್ತಾರೆ. ಮಗಳು ಫೇಲಾದದ್ದು ಗೊತ್ತಿದ್ದರೂ ಫಲಿತಾಂಶದ ದಿನದವರೆಗೂ ಬೆನ್ನು ತಟ್ಟುತ್ತಾರೆ. ದಿನ ಬಂದಾಗ ಆ ಮನೆಯವರೇ ಬೀದಿಯ ಬಾಯಲ್ಲಿ ನಿಂತು ಸುದ್ದಿ ಹೇಳಬೇಕು. ಅಲ್ಲಿಯವರೆಗೆ ಅದು ಆಗಿಲ್ಲ. ಪದ್ಧತಿ ಗೊತ್ತಿರುವುದು ಬೇರೆ, ಹೂವು ಕೈಯಲ್ಲಿ ಹಿಡಿದುಕೊಂಡು ನಿಲ್ಲುವುದು ಬೇರೆ.

ದೂರಿನ ಮೇಜಿನ ಹಿಂದೆ ಫಾಲಾಕ್ಷ ಎಂಬ ಗುಮಾಸ್ತ ಇದ್ದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮೂರು ಪೆನ್ನು. ಕಾರ್ಡನ್ನು ಎರಡು ಸಲ ಓದಿದ.

"ಇವತ್ತು ಫೆಬ್ರವರಿ ಹದಿನೆಂಟು. ವಾರಂಟಿ ಮಾರ್ಚ್ ಹತ್ತರವರೆಗೂ ಇದೆ. ಸೀಲ್ ಸರಿ ಇದೆ. ಏನೂ ತೊಂದ್ರೆ ಇಲ್ಲ ಮೇಡಂ" ಎಂದ. ಮೂವತ್ತಮೂರು ದಿನಗಳಲ್ಲಿ ಮೊದಲ ಬಾರಿಗೆ ನನಗೆ ಯಾವುದೋ ಒಂದು ನೆಟ್ಟಗಾಗಬಹುದು ಅನ್ನಿಸಿತು. ಅವನು ಅರ್ಜಿಯನ್ನು ನನ್ನ ಕಡೆ ತಿರುಗಿಸಿ, ಮತ್ತೆ ತನ್ನ ಕಡೆಗೇ ಎಳೆದುಕೊಂಡ. "ಬಿಲ್ಲು ಯಜಮಾನ್ರ ಹೆಸರಲ್ಲಿದೆ. ಅವರೇ ಬಂದು ಸಹಿ ಹಾಕ್ಬೇಕು."

"ಅವರು ಬರೋಕಾಗಲ್ಲ."

"ಹಾಗಾದ್ರೆ ಒಂದು ಪತ್ರ ಬರೆಸ್ಕೊಂಡು ಬನ್ನಿ. ನನ್ನ ಹೆಂಡತಿಗೆ ಅಧಿಕಾರ ಕೊಟ್ಟಿದ್ದೇನೆ ಅಂತ. ಒಂದು ಸಾಲು ಸಾಕು."

"ಬರೆಯೋಕೂ ಆಗಲ್ಲ."

"ಯಾಕೆ ಮೇಡಂ?"

ನಾನು ಅವನನ್ನೇ ನೋಡಿದೆ. ಅವನು ಮುದ್ರೆಯ ಡಬ್ಬಿಯನ್ನು ನೋಡುತ್ತಿದ್ದ. ಕಿವಿ ಕೆಂಪಾಗಿತ್ತು.

"ಯಾಕೆ ಅಂತ ನಿಮಗೆ ಗೊತ್ತಿದೆ" ಎಂದೆ.

"ನಂಗೆ ಗೊತ್ತಿರೋದು ಇವತ್ತಿನ ತಾರೀಖು ಮೇಡಂ. ಹದಿನೆಂಟು."

"ನಮ್ಮ ಬೀದಿಯಲ್ಲಿ ಮೆಷೀನಿಗೆ ವಾರಂಟಿ ಇಲ್ಲ. ನಿಮ್ಮ ಬೀದಿಯಲ್ಲಿ ವಾರಂಟಿ ಇದೆ, ಆದರೆ ನಾನು ಸಹಿ ಹಾಕೋ ಹಾಗಿಲ್ಲ. ಒಳಗೆ ಬಟ್ಟೆ ಕೊಳೀತಾ ಇದೆ. ನಾನು ಎಲ್ಲಿಗೆ ಹೋಗಬೇಕು, ಹೇಳಿ."

"ಕೂಗ್ಬೇಡಿ ಮೇಡಂ."

ನಾನು ಕೂಗಿರಲಿಲ್ಲ. ಎಷ್ಟೋ ದಿನದಿಂದ ನಾನು ಯಾರ ಮೇಲೂ ಕೂಗಿರಲಿಲ್ಲ. ಎದ್ದು ಹೊರಟೆ. ಬಾಗಿಲ ಹತ್ತಿರ ಬಂದಾಗ ಬೆನ್ನ ಹಿಂದೆ ಅವನು ಮೆಲ್ಲಗೆ, "ಇಪ್ಪತ್ತೈದಕ್ಕೆ ಬನ್ನಿ" ಎಂದ. ತಿರುಗಿ ನೋಡಿದೆ. ಅವನು ತಲೆ ತಗ್ಗಿಸಿ ಯಾವುದೋ ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದ.

ಮನೆಗೆ ಬಂದಾಗ ಅತ್ತೆ ನನ್ನ ಕೈಯಲ್ಲಿದ್ದ ಹೂವು ನೋಡಿದರು. ಏನಾದರೂ ಅನ್ನುತ್ತಾರೆ ಎಂದುಕೊಂಡೆ. ಈಸಿಕೊಂಡು ಮೂಸಿ ನೋಡಿದರು. "ಕೊಳದ ಬೀದಿಯೋರು ದಾರದಲ್ಲಿ ಕಟ್ಟಲ್ಲ, ಬಾಳೆನಾರಲ್ಲೇ ಕಟ್ಟೋದು" ಎಂದು ಒಂದು ಲೋಟ ನೀರಿನಲ್ಲಿ ಇಟ್ಟರು.

ಆಮೇಲಿನ ಆರು ದಿನವೂ ಅಲ್ಲಿಗೆ ಹೋದೆ. ಒಂದು ದಿನ ಮದುವೆಯ ಪತ್ರಿಕೆ ಒಯ್ದೆ, ಒಂದು ದಿನ ರೇಷನ್ ಕಾರ್ಡು. ಇನ್ನೊಂದು ದಿನ ಜಯದೇವ ದೂರಿನ ನಂಬರು ಬರೆದಿದ್ದ ಪೆನ್ಸಿಲ್ ಅಕ್ಷರಗಳನ್ನು ತೋರಿಸಿ, ಇದು ಅವನದೇ ಕೈಬರಹ, ಇದನ್ನೇ ಪತ್ರವೆಂದು ತಿಳಿಯಿರಿ ಎಂದೆ. ಫಾಲಾಕ್ಷ ಪ್ರತಿ ಸಲವೂ ಕುರ್ಚಿ ಎಳೆದು ಕೂರಿಸಿದ, ನೀರು ತರಿಸಿಕೊಟ್ಟ, ಯಜಮಾನ್ರೇ ಬರಬೇಕು ಎಂದ. ಅವನ ಮರ್ಯಾದೆಗೆ ನನ್ನ ಮೈ ಉರಿಯುತ್ತಿತ್ತು. ಒರಟಾಗಿದ್ದರೆ ಬಯ್ದು ಬರಬಹುದಿತ್ತು.

ಮೆಷೀನ್ ಚಿಕ್ಕತಾಯಮ್ಮನ ಜಗಲಿಯ ಮೇಲೆ ನಿಂತಿತ್ತು. ಗಾಜಿಗೆ ಅಂಗಿಯ ಕಾಲರು ಅಂಟಿಕೊಂಡಿತ್ತು. ಎರಡನೆಯ ದಿನದಿಂದ ನೀರಿಗೆ ಬಣ್ಣ ಬರತೊಡಗಿತು. ಮೊದಲು ತಿಳಿಗೆಂಪು, ಆಮೇಲೆ ದಾಸವಾಳ ಕಿವುಚಿದ ಹಾಗೆ.

"ಏನಾಕಿದ್ಯವ್ವ ಒಳಕ್ಕೆ? ನೀರು ಕೆಂಪಗಾಗ್ತಾ ಐತಲ್ಲ" ಎಂದಳು ಚಿಕ್ಕತಾಯಮ್ಮ.

"ಗೊತ್ತಿಲ್ಲ."

"ಮೇಷ್ಟ್ರ ಅಂಗಿ ಅಲ್ವಾ ಅದು? ಗೀರಂದು. ಅದನ್ನ ಹಾಕ್ಕೊಂಡು ಬಂದ್ರೆ ಡಬ್ಬಿಗೆ ಕಾಗ್ದ ಹಾಕಿ ಇಲ್ಲಿ ಕೂತ್ಕೋತಿದ್ರು. ಕೂತ್ಕೋತಾರೆ" ಎಂದು ತಿದ್ದಿಕೊಂಡಳು. "ನಾಕು ಹೂವ ಕಟ್ಟಿ ಕೊಡ್ತೀನಿ ಅಂತ ಕೂರೋರು. ಒಂದು ಮೊಳ ಕಟ್ಟೋಕೆ ಒಂದು ಗಂಟೆ. ಎಲ್ಲಾ ಬಿಚ್ಚಿ ನಾನೇ ಕಟ್ಬೇಕು ತಿರ್ಗಾ."

ಅವನು ಹೂವು ಕಟ್ಟುತ್ತಿದ್ದುದು ನನಗೆ ಗೊತ್ತಿರಲಿಲ್ಲ. ಅಂಚೆಗೆ ಹಾಕಿ ಬರಲು ಇಷ್ಟು ಹೊತ್ತು ಯಾಕೆ ಎಂದು ನಾನು ಪ್ರತಿ ಸಲ ಜಗಳ ತೆಗೆಯುತ್ತಿದ್ದೆ.

ಕೊಳದ ಬೀದಿಗೆ ಇಪ್ಪತ್ತೈದು ಬಂತು, ಜಯದೇವ ಹೋದ ತಾರೀಖು. ನಮ್ಮ ಬೀದಿಯಲ್ಲಿ ಅದು ಏಪ್ರಿಲ್ ಆರು. ಮರಣ ಪ್ರಮಾಣಪತ್ರವನ್ನು ಅದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ರಬ್ಬರ್ ಬ್ಯಾಂಡ್ ಸುತ್ತಿದೆ. ಯಾರ ಜೊತೆಗೂ ಮಾತಾಡದೆ ನೇರ ಮೇಜಿಗೆ ಹೋಗಿ ಕಾಗದ ಇಟ್ಟು, ಸಹಿ ಹಾಕಿ ಬರಬೇಕೆಂದು ಲೆಕ್ಕ ಹಾಕಿದ್ದೆ. "ನಾನೂ ಬರ್ಲಾ?" ಎಂದರು ಅತ್ತೆ. ಬೇಡ ಎಂದೆ.

ಚಿಕ್ಕತಾಯಮ್ಮನ ಬುಟ್ಟಿ ಖಾಲಿಯಿತ್ತು. ಅಂದು ಅವಳು ಹೂವು ತಂದೇ ಇರಲಿಲ್ಲ. ಎಲ್ಲ ಜಗಲಿಗಳ ಮೇಲೂ ಜನ ನಿಂತಿದ್ದರು. ಈರುಳ್ಳಿಯ ಫ್ರಿಜ್ಜಿನವರು, ಇಸ್ತ್ರಿಯವರು, ಅಂಚೆಯವರು. ಯಾರೂ ದಾರಿಗೆ ಅಡ್ಡ ಬರಲಿಲ್ಲ. ಆದರೂ ದಾಟಿ ಮುಂದೆ ಹೋಗಲಾಗಲಿಲ್ಲ.

"ಏನವ್ವಾ ಸುದ್ದಿ?" ಎಂದಳು ಚಿಕ್ಕತಾಯಮ್ಮ.

"ಜಯದೇವ ತೀರಿಕೊಂಡ" ಎಂದೆ.

ನನ್ನ ದನಿ ಎಂದಿನಂತೆಯೇ ಇತ್ತು. ಚಿಕ್ಕತಾಯಮ್ಮ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, "ನಲವತ್ತು ದಿನ ಗಂಟ್ಲಲ್ಲಿ ಇಟ್ಕೊಂಡಿದ್ನಲ್ಲೋ ಮೇಷ್ಟ್ರೇ, ಸುಳ್ಳು ಸುಳ್ಳೇ ಹೂವ ಕೊಟ್ನಲ್ಲೋ" ಎಂದು ಬಾಯಿಬಿಟ್ಟು ಅತ್ತಳು. ಅವಳ ಹಿಂದೆಯೇ ಇನ್ನೊಂದು ಜಗಲಿ, ಮತ್ತೊಂದು. ಇಸ್ತ್ರಿಯವನು ಕೆಂಡ ಆರಿಸಿದ. ಒಂದೊಂದಾಗಿ ಅಂಗಡಿಗಳ ಶಟರು ಇಳಿದವು. ಕೊನೆಯದು ದೂರಿನ ಕಚೇರಿಯದು. ಫಾಲಾಕ್ಷ ಬೀಗ ಹಾಕಿಕೊಂಡು ಇಳಿದು ಬರುತ್ತಿದ್ದ.

"ಎಲ್ಲಿಗೆ?" ಎಂದೆ. "ಕಾಗದ ತಂದಿದ್ದೀನಿ. ಇಪ್ಪತ್ತೈದಕ್ಕೆ ಬನ್ನಿ ಅಂದವರು ನೀವೇ."

"ಬೀದಿಗೆ ಬೇಕಾದೋರು ತೀರಿಕೊಂಡ್ರೆ ಮೂರು ದಿನ ತೆಗೆಯಲ್ಲಮ್ಮ" ಎಂದ. ಮೇಡಂ ಎನ್ನಲಿಲ್ಲ. ಅವನ ಕಣ್ಣು ಒದ್ದೆಯಾಗಿತ್ತು. "ಇಷ್ಟು ದಿನ ಅದೊಂದು ನೆನಪಾಗ್ಲಿಲ್ಲ ನಂಗೆ. ತಪ್ಪಾಯ್ತು."

"ಮೂರು ದಿನ?"

"ಮೂರು ದಿನ."

ಆಗ ನಾನು ಕೂಗಿದೆ. ಏನೆಂದು ಕೂಗಿದೆನೋ ಪೂರ್ತಿ ನೆನಪಿಲ್ಲ. ನಿಮ್ಮ ತಾರೀಖು ಹಾಳಾಗಲಿ ಎಂದೆ. ಒಬ್ಬನಾದರೂ ಜನವರಿಯಲ್ಲಿ ಬಂದು ನೋಡಿದ್ದರೆ ಏನಾಗುತ್ತಿತ್ತು ಎಂದೆ. ಅವನು ತೃಪ್ತ ಅಂತ ಬರೆದುಕೊಂಡವರು ಯಾರು, ಅವರನ್ನು ಕರೆಯಿರಿ ಎಂದೆ. ಹಾಗೆ ಕೂಗುತ್ತಲೇ ಮೆಷೀನಿನ ಮುಂದೆ ಕೂತು ಆ ಬೆಳ್ಳಿ ಸೀಲನ್ನು ಉಗುರಿನಿಂದ ಕೆರೆದು ಹರಿದೆ. ಮುಚ್ಚಳ ಬಿಗಿಯಾಗಿತ್ತು. ಫಾಲಾಕ್ಷ ಪಕ್ಕದಲ್ಲಿ ಕೂತು ಜೇಬಿನಿಂದ ಕಚೇರಿಯ ಬೀಗದ ಕೈ ತೆಗೆದು ಸಂದಿಗೆ ತೂರಿಸಿ ಮೀಟಿದ. ನೀರು ಭುಸ್ಸೆಂದು ನಮ್ಮಿಬ್ಬರ ಮೇಲೂ ಬಿತ್ತು. ಹನ್ನೊಂದು ದಿನದ ನೀರು. ನಾತ ಹೊಡೆಯಿತು. ಕೆಂಪು ನೀರು ಜಗಲಿ ಇಳಿದು ಬೀದಿಯ ಉದ್ದಕ್ಕೂ ಹರಿದು ಕೊಳದ ಕಡೆ ಹೋಯಿತು. ಒಳಗೆಲ್ಲೋ ಟಕ್ ಎಂದಿತು. ಬಾಗಿಲು ತೆರೆಯಿತು.

ಅಂಗಿ ಎಳೆದುಕೊಂಡೆ. ಅವನ ವಾಸನೆ ಅದರಲ್ಲಿರಲಿಲ್ಲ. ಜೇಬಿನಲ್ಲಿ ಟೋಪಿಯಿಲ್ಲದ ಕೆಂಪು ಪೆನ್ನು ಇತ್ತು, ಉತ್ತರಪತ್ರಿಕೆ ತಿದ್ದುತ್ತಿದ್ದದ್ದು. ಒಳಗಿದ್ದ ಬಟ್ಟೆಗಳೆಲ್ಲ ಅದೇ ಬಣ್ಣಕ್ಕೆ ತಿರುಗಿದ್ದವು. ನಾನು ಆಗ ಅಳುತ್ತಿದ್ದೆ ಎಂದು ಚಿಕ್ಕತಾಯಮ್ಮ ಆಮೇಲೆ ಹೇಳಿದಳು. ನನಗೆ ನೆನಪಿರುವುದು ಅವಳು ಅಂಗಿಯನ್ನು ನನ್ನ ಕೈಯಿಂದ ಬಿಡಿಸಿ, ಕೊಳದಲ್ಲಿ ಮೂರು ಸಲ ಅದ್ದಿ, ಹಿಂಡಿ, ಹೂವು ನೇತುಹಾಕುವ ಹಗ್ಗಕ್ಕೆ ಹರವಿದ್ದು.

"ಸೀಲು ಹರಿದೆ" ಎಂದೆ ಫಾಲಾಕ್ಷನಿಗೆ.

"ನೋಡ್ದೆ. ಮೂರು ದಿನ ಬಿಟ್ಟು ಕಚೇರಿ ತೆಗೆದಾಗ ದೂರು ತಗೊಳ್ಳೋಕಾಗಲ್ಲ ಅಂತ ಬರೀಬೇಕಾಗುತ್ತೆ" ಎಂದು ಒದ್ದೆ ತೋಳಿನಿಂದ ಮುಖ ಒರೆಸಿಕೊಂಡ. ಆದರೂ ಎದ್ದು ಹೋಗದೆ ಅಲ್ಲೇ, ನನ್ನ ಪಕ್ಕದಲ್ಲೇ ಕೂತಿದ್ದ.

ಹಾಗೆಯೇ ಬರೆದ. ಮೆಷೀನ್ ಇವತ್ತಿಗೂ ಚಿಕ್ಕತಾಯಮ್ಮನ ಜಗಲಿಯ ಮೇಲಿದೆ. ಬಿಸಿಲಿಗೆ ಬಾಡದಿರಲಿ ಎಂದು ಅವಳು ಅದರೊಳಗೆ ಒದ್ದೆ ಬಟ್ಟೆ ಹಾಸಿ ಹೂವು ಇಡುತ್ತಾಳೆ. ನಾವು ಕೈಯಲ್ಲೇ ಒಗೆಯುತ್ತೇವೆ. ಅತ್ತೆಯ ಬಿಳಿ ಸೀರೆಗಳು ಎಷ್ಟು ಒಗೆದರೂ ಗುಲಾಬಿಯಾಗಿಯೇ ಉಳಿದವು. ಅವರು ಅವನ್ನೇ ಉಡುತ್ತಾರೆ. ಎದುರು ಮನೆಯವರು ಏನೋ ಅಂದರಂತೆ. "ನನ್ ಮಗನ್ ಪೆನ್ನಿಂದು" ಎಂದರಂತೆ ಅತ್ತೆ.

ಮೊನ್ನೆ ಸ್ಟೇಷನ್ ರಸ್ತೆಯಿಂದ ಫೋನ್ ಬಂತು. ಅದೇ ಹೆಂಗಸು.

"ಜಯದೇವ ಅವರಿದ್ದಾರಾ ಮೇಡಂ? ಕೊಳದ ಬೀದಿಯ ದೂರು ಮುಗಿದಿದೆ ಅಂತ ಬಂದಿದೆ. ತೃಪ್ತರಾ ಅಂತ ಕೇಳಬೇಕಿತ್ತು."

"ಇಲ್ಲ. ತೀರಿಕೊಂಡರು."

"ಅಯ್ಯೋ. ಹಾಗಾದ್ರೆ... ಇಲ್ಲಿ ಏನಾದ್ರೂ ತುಂಬಲೇಬೇಕು ಮೇಡಂ, ಇಲ್ದಿದ್ರೆ ಮುಂದಕ್ಕೆ ಹೋಗಲ್ಲ. ಏನಂತ ಬರೀಲಿ?"

"ತೃಪ್ತರಲ್ಲ ಅಂತ ಬರೀರಿ."

ಕೀಲಿ ಒತ್ತುವ ಸದ್ದು ಕೇಳಿಸಿತು.

"ಬರೆದ್ರಾ?"

"ಬರೆದೆ ಮೇಡಂ."

"ಓದಿ ಹೇಳಿ" ಎಂದೆ.